ಬೇಟ್‌ಕಾಸ್ಟಿಂಗ್ ರೀಲಿಗೆ ಉದ್ದದ ಹ್ಯಾಂಡಲ್ ಹಾಕಿಸುವ ಮುನ್ನ

ಪ್ರಶ್ನೆ: ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ಸಣ್ಣ ದೋಣಿಯಿಂದ ಕೆಂಬೇರಿ, ಮುರು ಮೀನುಗಳಿಗೆ ಲೂರ್ (ಮೀನನ್ನು ಸೆಳೆಯುವ ಕೃತಕ ಆಮಿಷ) ಎಸೆಯುತ್ತೇನೆ. ನನ್ನದು ಎಡಗೈಯಲ್ಲಿ ಸುತ್ತುವ, 7.3:1 ಗೇರ್ ಅನುಪಾತದ (ಹ್ಯಾಂಡಲಿನ ಒಂದು ಸುತ್ತಿಗೆ ದಾರದ ಉರುಳೆ 7.3 ಸುತ್ತು ತಿರುಗುವ) ಲೋ ಪ್ರೊಫೈಲ್ ಬೇಟ್‌ಕಾಸ್ಟಿಂಗ್ ರೀಲ್. ಹ್ಯಾಂಡಲ್ 90 ಮಿ.ಮೀ., ದಾರ 30 ಪೌಂಡ್ ತಾಳುವ ಬ್ರೇಡ್ (ಹೆಣೆದ ದಾರ). ಇಳಿತದ ಸೆಳೆತದಲ್ಲಿ ಆಳಕ್ಕಿಳಿಯುವ ದೊಡ್ಡ ಲೂರ್ ಎಳೆಯುತ್ತಿದ್ದರೆ ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಮೀನು ಕಚ್ಚಿ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳತ್ತ ನುಗ್ಗಿದರಂತೂ ಹ್ಯಾಂಡಲ್ ತಿರುಗುವುದೇ ಇಲ್ಲ. ಆನ್‌ಲೈನ್‌ನಲ್ಲಿ 120 ಮಿ.ಮೀ. ಹ್ಯಾಂಡಲ್‌ಗಳು ಸಿಗುತ್ತಿವೆ. ಹಾಕಿದರೆ ಕಷ್ಟ ನೀಗುತ್ತದೆಯೇ? ಗೇರ್ ಹಾಳಾಗುತ್ತದೆಯೇ? ಒಂದೇ ದೊಡ್ಡ ನಾಬ್ (ಕೈ ಹಿಡಿಯುವ ಗುಬ್ಬಿ) ಇರುವ ಪವರ್ ಹ್ಯಾಂಡಲ್ ಇನ್ನೂ ಒಳ್ಳೆಯದೇ?

ಉತ್ತರ: ಹಾಕಬಹುದು, ಆದರೆ 120 ಬೇಡ, 110 ಸಾಕು. ನಿಮ್ಮ ಎರಡು ತೊಂದರೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹ್ಯಾಂಡಲ್ ಮದ್ದು. ಎರಡನೆಯದು, ಅಂದರೆ ಮೀನು ಬೇರಿನತ್ತ ನುಗ್ಗುವಾಗ ರೀಲ್ ತಿರುಗದಿರುವುದು, ಯಾವ ಹ್ಯಾಂಡಲ್ ಹಾಕಿದರೂ ಹೋಗುವುದಿಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಉದ್ದದ ಹ್ಯಾಂಡಲ್ ಕೊಂಡವರಲ್ಲಿ ಬಹುಪಾಲು ಜನ ಅದರಿಂದ ಮೀನನ್ನು ರಾಟೆ ಎಳೆದಂತೆ ಎಳೆದು ತರಬಹುದು ಎಂದುಕೊಳ್ಳುತ್ತಾರೆ. ಹಾಗೆ ಎಳೆಯಹೋಗಿ ಡ್ರ್ಯಾಗನ್ನು (ಮೀನು ಜೋರಾಗಿ ಎಳೆದಾಗ ದಾರ ಜಾರಲು ಬಿಡುವ ಬ್ರೇಕನ್ನು) ಪೂರ್ತಿ ಬಿಗಿದು, ಒಂದೆರಡು ಹಂಗಾಮಿನಲ್ಲೇ ಗೇರಿನ ಹಲ್ಲು ಸವೆಸಿಕೊಂಡು, ಕೊನೆಗೆ ದೂರನ್ನು ಹ್ಯಾಂಡಲ್ ಮೇಲೆ ಹಾಕುತ್ತಾರೆ.

ಲೆಕ್ಕದಿಂದಲೇ ಶುರುಮಾಡೋಣ, ಏಕೆಂದರೆ ಇಲ್ಲಿ ಲೆಕ್ಕ ಸುಲಭ ಮತ್ತು ಅದು ಸುಳ್ಳು ಹೇಳುವುದಿಲ್ಲ. ಎರಡು ನಾಬ್‌ಗಳ ಹ್ಯಾಂಡಲ್ 90 ಮಿ.ಮೀ. ಎಂದರೆ ಒಂದು ನಾಬಿನ ನಡುವಿನಿಂದ ಇನ್ನೊಂದು ನಾಬಿನ ನಡುವಿನವರೆಗಿನ ಅಳತೆ. ನಿಮ್ಮ ಕೈಗೆ ಸಿಗುವ ತೋಳು ಅದರ ಅರ್ಧ, 45 ಮಿ.ಮೀ. ಬೀಸುವ ಕಲ್ಲಿನ ಗೂಟ ಅಂಚಿಗೆ ಹತ್ತಿರವಿದ್ದಷ್ಟೂ ಬೀಸುವುದು ಹಗುರ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಇಲ್ಲಿಯೂ ಅದೇ ನಿಯಮ. ಆದರೆ ರೀಲಿನಲ್ಲಿ ಈ ತೋಳಿಗೆ ಎದುರಾಗಿ ಎರಡು ಸಂಗತಿಗಳು ಕೆಲಸ ಮಾಡುತ್ತವೆ: ಗೇರ್ ಅನುಪಾತ ಮತ್ತು ಸ್ಪೂಲಿನ (ದಾರ ಸುತ್ತಿದ ಉರುಳೆಯ) ತ್ರಿಜ್ಯ. ನಿಮ್ಮ ಗಾತ್ರದ ರೀಲುಗಳಲ್ಲಿ ಸ್ಪೂಲಿನ ವ್ಯಾಸ ಸಾಮಾನ್ಯವಾಗಿ 34 ಮಿ.ಮೀ. ಆಸುಪಾಸು ಇರುತ್ತದೆ, ಅಂದರೆ ತ್ರಿಜ್ಯ 17. ಅದನ್ನು 7.3ರಿಂದ ಗುಣಿಸಿದರೆ ಸುಮಾರು 124. ನಿಮ್ಮ 45ನ್ನು ಈ 124ರಿಂದ ಭಾಗಿಸಿದರೆ 0.36 ಬರುತ್ತದೆ. ಕೈಯಲ್ಲಿ ಒಂದು ಕಿಲೋ ಬಲ ಹಾಕಿದರೆ ದಾರಕ್ಕೆ ಸಿಗುವುದು 360 ಗ್ರಾಂ, ಅದೂ ತಿಕ್ಕಾಟದಲ್ಲಿ ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿಯದೆ.

ಈಗ 110 ಮಿ.ಮೀ. ಹ್ಯಾಂಡಲ್ ಹಾಕಿ ನೋಡಿ. ತೋಳು 55 ಆಗುತ್ತದೆ, ಭಾಗಲಬ್ಧ 0.44. ಅಂದರೆ ಶೇಕಡಾ 22ರಷ್ಟು ಹೆಚ್ಚು ಬಲ. 120 ಹಾಕಿದರೆ 0.48, ಶೇಕಡಾ 33ರಷ್ಟು ಹೆಚ್ಚು. ಸೆಳೆತದಲ್ಲಿ ಲೂರ್ ಒಂದು ಕಿಲೋ ಎಳೆತ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಈಗ ನೀವು ಸುಮಾರು 2.8 ಕಿಲೋ ಬಲ ಹಾಕುತ್ತಿದ್ದೀರಿ. 110ರಲ್ಲಿ ಅದು 2.3ಕ್ಕೆ ಇಳಿಯುತ್ತದೆ, 120ರಲ್ಲಿ 2.1ಕ್ಕೆ. ಗಮನಿಸಿ, ಮೊದಲ 20 ಮಿ.ಮೀ. ಉದ್ದಕ್ಕೆ ಅರ್ಧ ಕಿಲೋ ಉಳಿಯಿತು. ಆಮೇಲಿನ 10 ಮಿ.ಮೀ.ಗೆ ಉಳಿದದ್ದು ಇನ್ನೂರು ಗ್ರಾಂ ಮಾತ್ರ. ದಿನವಿಡೀ ಸುತ್ತುವವನ ಮಣಿಕಟ್ಟಿಗೆ ಈ ಅರ್ಧ ಕಿಲೋ ನಿಜವಾದ ಸುಖ. ಅದಕ್ಕಾಗಿಯೇ 110 ಹಾಕಿ ಎಂದು ಧೈರ್ಯವಾಗಿ ಹೇಳುತ್ತಿದ್ದೇನೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 90 ಮಿ.ಮೀ. ಹ್ಯಾಂಡಲಿನಲ್ಲಿ ಒಂದು ಸುತ್ತಿಗೆ ನಿಮ್ಮ ಕೈ 283 ಮಿ.ಮೀ. ದೂರ ಚಲಿಸುತ್ತದೆ. 110ರಲ್ಲಿ 346, 120ರಲ್ಲಿ 377. ಒಂದು ಸುತ್ತಿಗೆ ಒಳಬರುವ ದಾರ ಮಾತ್ರ ಅಷ್ಟೇ, ತುಂಬಿದ ಸ್ಪೂಲಿನಲ್ಲಿ ಸುಮಾರು 78 ಸೆಂ.ಮೀ. ಹಾಗಾಗಿ ಅದೇ ವೇಗದಲ್ಲಿ ಲೂರ್ ತರಬೇಕಾದರೆ ಕೈ ಹೆಚ್ಚು ಓಡಬೇಕು. 90ರವರೆಗೆ ಕೆಲಸವನ್ನು ಮಣಿಕಟ್ಟು ಮತ್ತು ಬೆರಳುಗಳು ಮಾಡುತ್ತವೆ, 110ರಲ್ಲಿ ಮುಂಗೈಯೂ ಸೇರಿಕೊಳ್ಳುತ್ತದೆ, 120 ದಾಟಿದರೆ ಮೊಣಕೈಯೂ ಸುತ್ತತೊಡಗುತ್ತದೆ. ಪುಟ್ಟ ದೋಣಿಯಲ್ಲಿ ಕುಳಿತು ಮೊಣಕೈ ಸುತ್ತಿದರೆ ರಾಡ್ ತುದಿ ಅಲುಗುತ್ತದೆ, ಲೂರಿನ ಓಟ ಕೆಡುತ್ತದೆ, ಮೆಲ್ಲನೆ ಕುಕ್ಕುವ ಮೀನಿನ ಸುಳಿವೂ ಕೈಗೆ ಸಿಗುವುದಿಲ್ಲ. ನಿಮ್ಮ ಕೈ ದೊಡ್ಡದಿದ್ದು, ಸುತ್ತುವ ಲಯ ನಿಧಾನದ್ದಾಗಿದ್ದರೆ 115ರವರೆಗೆ ಹೋಗಬಹುದು. ಸಣ್ಣ ಕೈಯವರಿಗೆ 100ರಲ್ಲೇ ನೆಮ್ಮದಿ ಸಿಗುವುದೂ ಉಂಟು.

ಇನ್ನೊಂದು ಲೆಕ್ಕವನ್ನು ಹಣ ಕೊಡುವ ಮೊದಲೇ ನೋಡಿಬಿಡಿ. ಇದೇ ಸ್ಪೂಲ್, ಇದೇ 90 ಮಿ.ಮೀ. ಹ್ಯಾಂಡಲ್ ಇಟ್ಟುಕೊಂಡು ಗೇರ್ ಅನುಪಾತ ಮಾತ್ರ 5.5:1 ಆದರೆ ಭಾಗಲಬ್ಧ 0.48. ಅಂದರೆ 7.3ರ ರೀಲಿಗೆ 120 ಮಿ.ಮೀ. ಹ್ಯಾಂಡಲ್ ಹಾಕಿದಷ್ಟೇ ಬಲ, ಕೈ ಓಡಾಟ ಮಾತ್ರ ಮೊದಲಿನಷ್ಟೇ. ಒಂದು ಸುತ್ತಿಗೆ ಬರುವ ದಾರ 78ರಿಂದ 59 ಸೆಂ.ಮೀ.ಗೆ ಇಳಿಯುತ್ತದೆ, ಆಳದ ಲೂರಿಗೆ ಅದು ಒಳ್ಳೆಯದೇ. ಆಳಕ್ಕಿಳಿಯುವ ದೊಡ್ಡ ತುಟಿಯ ಲೂರುಗಳನ್ನು ವೇಗವಾಗಿ ಎಳೆದಷ್ಟೂ ನೀರಿನ ಪ್ರತಿರೋಧ ಬೇಗ ಏರುತ್ತದೆ. ವೇಗ ದುಪ್ಪಟ್ಟಾದರೆ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. 7.3ರ ರೀಲಿನಲ್ಲಿ ಅರಿವಿಲ್ಲದೆಯೇ ನೀವು ಲೂರನ್ನು ಅಗತ್ಯಕ್ಕಿಂತ ವೇಗವಾಗಿ ಎಳೆಯುತ್ತಿರಬಹುದು. ಹೊಸ ಹ್ಯಾಂಡಲ್ ಕೊಳ್ಳುವ ಮುನ್ನ ಒಂದು ಬೆಳಗ್ಗೆ ಬೇಕೆಂದೇ ನಿಧಾನವಾಗಿ ಸುತ್ತಿ ನೋಡಿ. ಇಳಿತದ ಸೆಳೆತಕ್ಕೆ ನೇರ ಎದುರಾಗಿ ಎಳೆಯುವ ಬದಲು, ಸೆಳೆತಕ್ಕೆ ಅಡ್ಡಲಾಗಿ ಎಸೆದು, ಲೂರ್ ಕಮಾನಿನಂತೆ ತೇಲಿ ಬರುವಂತೆ ಮಾಡಿ. ಮೀನು ಸೆಳೆತಕ್ಕೆ ಮುಖ ಮಾಡಿಕೊಂಡೇ ಕಾಯುತ್ತಿರುತ್ತದೆ, ಅದರ ಆಹಾರವೂ ಸೆಳೆತದ ಜೊತೆಗೇ ಬರುತ್ತದೆ. ಹೀಗೆ ಎಸೆದರೆ ಕೈಗೂ ಹಗುರ, ಮೀನಿಗೂ ಸಹಜ.

ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಳದ ಲೂರ್ ಎಳೆಯುವುದೇ ಆಗಿದ್ದರೆ, ಹ್ಯಾಂಡಲಿಗೆ ಕೊಡುವ ಹಣ ಕೂಡಿಟ್ಟು ಮುಂದೆ ಕಡಿಮೆ ಅನುಪಾತದ ಎರಡನೇ ರೀಲ್ ಕೊಳ್ಳುವುದು ಜಾಣತನ ಎಂದು ನಾನು ಹೇಳುತ್ತೇನೆ. ಒಳ್ಳೆಯ ಹ್ಯಾಂಡಲ್‌ಗಳು ಅಗ್ಗವಲ್ಲ. ಬೆಲೆ ರೀಲಿನ ಅರ್ಧ ಬೆಲೆಯ ಹತ್ತಿರ ಬಂದರೆ ಕೈ ಹಿಂದೆಗೆಯಿರಿ. ಆದರೆ ನೀವು ಕೆಂಬೇರಿಯ ಬೆನ್ನು ಹತ್ತಿದವರು. ಬೇರಿನ ಅಂಚಿನಲ್ಲಿ ಕಚ್ಚಿದ ಮೀನಿನಿಂದ ಸಡಿಲವಾದ ದಾರವನ್ನು ತಕ್ಷಣ ಎಳೆದುಕೊಳ್ಳಲು ವೇಗದ ರೀಲೇ ಬೇಕು. ಆದ್ದರಿಂದ ನಿಮ್ಮ 7.3 ನಿಮ್ಮಲ್ಲೇ ಇರಲಿ.

ಇನ್ನು ಮೀನು ನುಗ್ಗುವ ವಿಷಯ. ಕೆಂಬೇರಿ ಅಡಗಿ ಕೂತು ದಾಳಿ ಮಾಡುವ ಮೀನು. ಲೂರ್ ಬಾಯಿಗೆ ಸಿಕ್ಕ ಕ್ಷಣವೇ ಅದು ಬಂದ ದಾರಿಗೆ ತಿರುಗುತ್ತದೆ. ಸೋಲು ಗೆಲುವು ತೀರ್ಮಾನವಾಗುವುದು ಮೊದಲ ಎರಡು ಮೂರು ಸೆಕೆಂಡುಗಳಲ್ಲಿ. 30 ಪೌಂಡ್ ದಾರ ಎಂದರೆ 13.6 ಕಿಲೋ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇಡುವುದು ವಾಡಿಕೆ, ಅಂದರೆ 3.5ರಿಂದ 4.5 ಕಿಲೋ. ಮೀನು 4 ಕಿಲೋ ಬಲದಲ್ಲಿ ಎಳೆಯುತ್ತಿರುವಾಗ ಅದನ್ನು ಬರೀ ಹ್ಯಾಂಡಲಿನಿಂದ ತರಬೇಕಾದರೆ ನಿಮ್ಮ 90 ಮಿ.ಮೀ.ಯಲ್ಲಿ ಕೈಗೆ 11 ಕಿಲೋ ಬಲ ಬೇಕು. 120ರಲ್ಲೂ 8 ಕಿಲೋ ದಾಟುತ್ತದೆ. ಎರಡು ಬೆರಳಲ್ಲಿ ನಾಬ್ ಹಿಡಿದು 8 ಕಿಲೋ ಬಲದಲ್ಲಿ ಸುತ್ತಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಅನುಭವಸ್ಥರು ಮೀನನ್ನು ಹೇಗೆ ತಿರುಗಿಸುತ್ತಾರೆ? ರಾಡಿನಿಂದ. ಹೆಬ್ಬೆರಳನ್ನು ಸ್ಪೂಲಿನ ಮೇಲೆ ಒತ್ತಿ, ರಾಡನ್ನು ಮೀನು ಓಡುವ ದಿಕ್ಕಿಗೆ ಅಡ್ಡಲಾಗಿ ಪಕ್ಕಕ್ಕೆ ಸೆಳೆದು, ಸೊಂಟದ ಬಲ ಹಾಕಿ ಅದರ ತಲೆ ತಿರುಗಿಸುತ್ತಾರೆ. ತಲೆ ತಿರುಗಿದ ಮೇಲೆ ರಾಡನ್ನು ಮುಂದಕ್ಕೆ ಬಾಗಿಸುತ್ತಾ ಸಡಿಲವಾದ ದಾರವನ್ನು ಸುತ್ತಿಕೊಳ್ಳುತ್ತಾರೆ. ಹ್ಯಾಂಡಲಿನ ಪಾಲಿಗೆ ಬರುವುದು ಹಗುರವಾದ ಆ ಎರಡನೇ ಭಾಗ ಮಾತ್ರ. ಈ ಅಭ್ಯಾಸ ಕೈಗೆ ಹತ್ತದೆ 120 ಹ್ಯಾಂಡಲ್ ಹಾಕಿದರೆ ಮೀನು ಬೇರಿಗೆ ಹೋಗುವುದು ತಪ್ಪುವುದಿಲ್ಲ. ಜೊತೆಗೆ ಅಲ್ಲಿನ ಸಿಂಪಿ ಚಿಪ್ಪಿಗೆ ತಾಗಿದ ಬ್ರೇಡ್ ದಾರ ಎಷ್ಟು ಹೊತ್ತು ಬಾಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಲಗೇಜು ತೂಗುವ ಚಿಕ್ಕ ಡಿಜಿಟಲ್ ತಕ್ಕಡಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ದಾರವನ್ನು ಅದರ ಕೊಕ್ಕೆಗೆ ಹಾಕಿ, ರಾಡನ್ನು ನೇರವಾಗಿ ತಕ್ಕಡಿಯತ್ತ ಹಿಡಿದು ಬರೀ ಹ್ಯಾಂಡಲ್ ಬಲದಿಂದ ಎಳೆಯಿರಿ. ಅಂಕಿ ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಹ್ಯಾಂಡಲ್ ಮುಟ್ಟದೆ, ಸ್ಪೂಲನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ರಾಡ್ ಎತ್ತಿ ಎಳೆಯಿರಿ. ಎರಡು ಅಂಕಿಗಳ ನಡುವಿನ ಅಂತರ ನೋಡಿದ ಮೇಲೆ ನನ್ನ ಮಾತಿನ ಮೇಲೆ ನಂಬಿಕೆ ಇಡಬೇಕಾದ ಅಗತ್ಯವೇ ಬೀಳುವುದಿಲ್ಲ. ಡ್ರ್ಯಾಗ್ ಎಷ್ಟು ಕಿಲೋಗೆ ಜಾರುತ್ತದೆ ಎಂಬುದನ್ನೂ ಅದೇ ತಕ್ಕಡಿಯಲ್ಲಿ ನೋಡಿಕೊಳ್ಳಿ.

ಇದರ ಜೊತೆಗೆ ಗೊತ್ತಿರಬೇಕಾದ ಒಂದು ಸೂಕ್ಷ್ಮವಿದೆ. ದಾರ ಹೊರಗೆ ಹೋದಷ್ಟೂ ಸ್ಪೂಲಿನ ಮೇಲಿನ ಸುತ್ತು ಸಣ್ಣದಾಗುತ್ತದೆ, ಹ್ಯಾಂಡಲಿನ ಬಲ ಹೆಚ್ಚುತ್ತದೆ. ಸುತ್ತಿನ ವ್ಯಾಸ 34ರಿಂದ 26 ಮಿ.ಮೀ.ಗೆ ಇಳಿದರೆ ನಿಮ್ಮ 90 ಮಿ.ಮೀ. ಹ್ಯಾಂಡಲೇ 0.47 ಕೊಡುತ್ತದೆ. ತಿರುಗಿಸಿ ಹೇಳುವುದಾದರೆ, ಮೀನು ದೋಣಿಯ ಪಕ್ಕಕ್ಕೆ ಬಂದಾಗ, ಸ್ಪೂಲ್ ತುಂಬಿದಾಗ ರೀಲಿನ ಬಲ ಅತಿ ಕಡಿಮೆ. ದೋಣಿಯ ಹತ್ತಿರ ಮೀನು ಕೊನೆಯ ಬಾರಿ ಕೆಳಕ್ಕೆ ಧುಮುಕಿದಾಗ ಹ್ಯಾಂಡಲ್ ಕಲ್ಲಿನಂತೆ ನಿಂತುಬಿಟ್ಟಿತು ಎನ್ನುವವರಿಗೆ ಕಾರಣ ಇದೇ. ಅಲ್ಲಿ ಸುತ್ತಲು ಹೋಗದೆ ರಾಡಿಗೆ ಕೆಲಸ ಬಿಡಬೇಕು.

ಗೇರ್ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ. ಸ್ಟಾರ್ ಡ್ರ್ಯಾಗ್ ರೀಲಿನ (ಹ್ಯಾಂಡಲಿನ ಬುಡದ ನಕ್ಷತ್ರಾಕಾರದ ಚಕ್ರ, ಅಂದರೆ ಸ್ಟಾರ್ ತಿರುಗಿಸಿ ಡ್ರ್ಯಾಗ್ ಬಿಗಿಯುವ ರೀಲಿನ) ಒಳರಚನೆ ಗೊತ್ತಿದ್ದರೆ ಈ ಭಯ ಅರ್ಧ ಕಡಿಮೆಯಾಗುತ್ತದೆ. ಹ್ಯಾಂಡಲ್ ತಿರುಗಿಸುವುದು ಶಾಫ್ಟನ್ನು. ಶಾಫ್ಟಿನಿಂದ ದೊಡ್ಡ ಗೇರಿಗೆ ಬಲ ಹೋಗುವುದು ಡ್ರ್ಯಾಗ್ ವಾಷರುಗಳ ಮೂಲಕ. ಡ್ರ್ಯಾಗ್ 4 ಕಿಲೋಗೆ ಜಾರುವಂತೆ ಇಟ್ಟಿದ್ದರೆ, ಹ್ಯಾಂಡಲ್ 90 ಇರಲಿ 130 ಇರಲಿ, ಅದಕ್ಕಿಂತ ಹೆಚ್ಚಿನ ಬಲ ಗೇರಿನ ಹಲ್ಲಿಗೆ ಬೀಳುವುದೇ ಇಲ್ಲ, ವಾಷರುಗಳು ಜಾರಿಬಿಡುತ್ತವೆ. ಆದ್ದರಿಂದ ಉದ್ದದ ಹ್ಯಾಂಡಲ್ ತಾನಾಗಿ ಗೇರ್ ಮುರಿಯುವುದಿಲ್ಲ. ಮುರಿಯುವುದು ಸ್ಟಾರನ್ನು ಪೂರ್ತಿ ಬಿಗಿದುಕೊಂಡವರ ಗೇರು. ಉದ್ದದ ಹ್ಯಾಂಡಲ್ ಸಿಕ್ಕ ಮೇಲೆ ಬಿಗಿಯುವ ಆಸೆ ಹೆಚ್ಚುತ್ತದೆ, ಅಪಾಯವಿರುವುದು ಅಲ್ಲಿ.

ಇನ್ನೊಂದು ಹೊರೆಯನ್ನು ಮಾತ್ರ ಡ್ರ್ಯಾಗ್ ತಡೆಯಲಾರದು, ಅದು ಅಡ್ಡಬಲ. ನಾಬ್ ಹಿಡಿದು ಸುತ್ತುವಾಗ ಕೈ ಶಾಫ್ಟನ್ನು ಬರೀ ತಿರುಗಿಸುವುದಿಲ್ಲ, ಮೇಲಕ್ಕೆ, ಕೆಳಕ್ಕೆ, ಒಳಕ್ಕೆ ಒತ್ತುತ್ತಲೂ ಇರುತ್ತದೆ. ತೋಳು ಉದ್ದವಾದಷ್ಟೂ, ನಾಬ್ ರೀಲಿನಿಂದ ಹೊರಗೆ ಚಾಚಿದಷ್ಟೂ ಈ ಒತ್ತಡ ಶಾಫ್ಟನ್ನು ಬಾಗಿಸಲು ನೋಡುತ್ತದೆ. ರೀಲಿನ ಚೌಕಟ್ಟು ಅಲ್ಯುಮಿನಿಯಂ ಆಗಿದ್ದರೆ 110ರ ಮಟ್ಟಕ್ಕೆ ಚಿಂತೆಯಿಲ್ಲ. ಚೌಕಟ್ಟು, ಪಕ್ಕದ ಮುಚ್ಚಳ ಎಲ್ಲವೂ ಪ್ಲಾಸ್ಟಿಕ್ ಬೆರಕೆಯದಾಗಿದ್ದರೆ ಭಾರದಲ್ಲಿ ಅದು ಸ್ವಲ್ಪ ಬಳುಕುತ್ತದೆ, ದೊಡ್ಡ ಗೇರ್ ಮತ್ತು ಪಿನಿಯನ್ (ಅದಕ್ಕೆ ಕೂಡುವ ಚಿಕ್ಕ ಗೇರ್) ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಸುತ್ತುವಾಗ ಕರಕರ ಎನ್ನತೊಡಗುತ್ತದೆ. ವೇಗದ ಅನುಪಾತದ ರೀಲುಗಳಲ್ಲಿ ಪಿನಿಯನ್ ಸಣ್ಣದು, ಹಲ್ಲುಗಳ ಸಂಖ್ಯೆಯೂ ಕಡಿಮೆ. ಹೀಗಾಗಿ ತೊಂದರೆ ಮೊದಲು ಕಾಣುವುದು ಅಲ್ಲೇ. ನಿಮ್ಮ ರೀಲ್ ಆ ಜಾತಿಯದಾಗಿದ್ದರೆ 100 ಮಿ.ಮೀ.ಗೆ ನಿಲ್ಲಿಸಿ.

ಈ ಅಡ್ಡಬಲವನ್ನು ಕಡಿಮೆ ಮಾಡುವ ದಾರಿ ಹ್ಯಾಂಡಲಿನ ಬಾಗಿನಲ್ಲಿದೆ. ಪಕ್ಕದಿಂದ ನೋಡಿದರೆ ಕೆಲವು ಹ್ಯಾಂಡಲ್‌ಗಳು ನೆಟ್ಟಗಿರುತ್ತವೆ, ಕೆಲವು ನಡುವಿನಿಂದ ರೀಲಿನ ಕಡೆಗೆ ಬಾಗಿರುತ್ತವೆ. ಬಾಗಿದ ಹ್ಯಾಂಡಲಿನ ನಾಬ್ ರೀಲಿಗೆ ಹತ್ತಿರ ಬರುತ್ತದೆ, ಸುತ್ತುವಾಗ ರಾಡ್ ಅತ್ತಿತ್ತ ತೂಗಾಡುವುದು ತಗ್ಗುತ್ತದೆ. ಉದ್ದ ಹೆಚ್ಚಿಸುವವರು ಬಾಗಿದ ಹ್ಯಾಂಡಲನ್ನೇ ಆರಿಸಬೇಕು. ಆದರೆ ಒಂದು ಕಡೆ ಎಚ್ಚರ ಬೇಕು. ಸ್ಟಾರ್ ಡ್ರ್ಯಾಗನ್ನು ಸಡಿಲಿಸಿದಾಗ ಸ್ಟಾರ್ ಶಾಫ್ಟಿನ ಮೇಲೆ ಹೊರಕ್ಕೆ, ಹ್ಯಾಂಡಲಿನ ಕಡೆಗೆ ಜರುಗುತ್ತದೆ. ಹೆಚ್ಚು ಬಾಗಿದ ಹ್ಯಾಂಡಲಿನ ಒಳಮೈಗೆ ಆಗ ಸ್ಟಾರಿನ ಕಾಲುಗಳ ತುದಿ ತಾಗಬಹುದು. ಅಂಗಡಿಯಲ್ಲಿ ಜೋಡಿಸಿ ನೋಡುವಾಗ ಸಾಮಾನ್ಯವಾಗಿ ಡ್ರ್ಯಾಗ್ ಬಿಗಿದೇ ಇರುತ್ತದೆ, ದೋಷ ಕಾಣುವುದಿಲ್ಲ. ಮನೆಗೆ ಬಂದು, ನಾವೆಲ್ಲ ಮಾಡುವಂತೆ ರೀಲನ್ನು ಎತ್ತಿಡುವ ಮುನ್ನ ಡ್ರ್ಯಾಗ್ ಸಡಿಲಿಸಿದಾಗ ಕಿರ್ ಎಂದು ಉಜ್ಜುತ್ತದೆ. ಹಾಗಾಗಿ ಹಳೆಯ ಹ್ಯಾಂಡಲ್ ತೆಗೆಯುವ ಮೊದಲೇ ಸ್ಟಾರ್ ಪೂರ್ತಿ ಸಡಿಲಿಸಿ, ಆಮೇಲೆ ಹೊಸ ಹ್ಯಾಂಡಲನ್ನು ಸುಮ್ಮನೆ ಶಾಫ್ಟಿನ ಮೇಲೆ ಕೂರಿಸಿ, ನಡುವೆ ಒಂದು ದಪ್ಪ ಕಾಗದವಾದರೂ ಸಲೀಸಾಗಿ ಹೋಗುತ್ತದೆಯೇ ನೋಡಿ. ನಾಬ್ ಹಿಡಿದ ಬೆರಳ ತುದಿಗಳು ರೀಲಿನ ಪಕ್ಕಕ್ಕೋ ರಾಡಿಗೋ ತಾಗುತ್ತವೆಯೇ ಎಂದೂ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ.

ಈಗ ತೂತಿನ ಅಳತೆ. ಆನ್‌ಲೈನ್‌ನಲ್ಲಿ ಕೊಂಡವರು ಹೆಚ್ಚಾಗಿ ಎಡವುವುದು ಇಲ್ಲೇ. ಶಾಫ್ಟಿನ ತುದಿ ದುಂಡಗಿರುವುದಿಲ್ಲ, ಎರಡು ಬದಿ ಚಪ್ಪಟೆಯಾಗಿ ಕೊರೆದಿರುತ್ತದೆ. ಹ್ಯಾಂಡಲಿನ ತೂತೂ ಅದೇ ಆಕಾರದ್ದು. ಬೇರೆ ತಯಾರಕರು ಮಾಡುವ ಹ್ಯಾಂಡಲ್‌ಗಳಲ್ಲಿ ಎರಡು ಅಳತೆ ಹೆಚ್ಚು ಬಳಕೆಯಲ್ಲಿವೆ: 8×5 ಮಿ.ಮೀ. ಮತ್ತು 7×4 ಮಿ.ಮೀ. ದೈವಾ, ಆಬು ಗಾರ್ಸಿಯಾ ರೀಲುಗಳಿಗೆ ಸಾಮಾನ್ಯವಾಗಿ ಮೊದಲನೆಯದು, ಶಿಮಾನೋ ರೀಲುಗಳಿಗೆ ಸಾಮಾನ್ಯವಾಗಿ ಎರಡನೆಯದು. ‘ಸಾಮಾನ್ಯವಾಗಿ’ ಎಂಬ ಮಾತನ್ನು ಮರೆಯಬೇಡಿ. ಒಂದೇ ಕಂಪನಿಯಲ್ಲೂ ಮಾದರಿಯಿಂದ ಮಾದರಿಗೆ ಅಳತೆ ಬದಲಾಗುತ್ತದೆ. ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಶಾಫ್ಟಿನ ಅಗಲ, ಚಪ್ಪಟೆ ಮೈಗಳ ನಡುವಿನ ದಪ್ಪ ಎರಡನ್ನೂ ಅಳೆಯಿರಿ. ಹಳೆಯ ಹ್ಯಾಂಡಲಿನ ತೂತನ್ನೂ, ತೂತಿನ ಜಾಗದಲ್ಲಿ ಲೋಹದ ದಪ್ಪವನ್ನೂ ಅಳೆಯಿರಿ. ದಪ್ಪ ಏಕೆಂದರೆ, ಹೊಸದು ಹಳೆಯದಕ್ಕಿಂತ ದಪ್ಪವಾಗಿದ್ದರೆ ನಟ್ಟಿಗೆ ಶಾಫ್ಟಿನ ಮರೆ (ತಿರುಪಿನ ಸುತ್ತುಗೆರೆ) ಸಾಕಷ್ಟು ಸಿಗುವುದಿಲ್ಲ. ತೆಳ್ಳಗಿದ್ದರೆ ನಟ್ಟು ಪೂರ್ತಿ ಬಿಗಿದರೂ ಹ್ಯಾಂಡಲ್ ಅಲುಗಾಡುತ್ತದೆ.

ತೂತು ಕೂದಲೆಳೆಯಷ್ಟು ಸಡಿಲವಿದ್ದರೂ ಉದ್ದದ ಹ್ಯಾಂಡಲ್ ಅದನ್ನು ಹಿಗ್ಗಿಸಿ ತೋರಿಸುತ್ತದೆ. ತೂತಿನಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಜಾಗವಿದ್ದರೆ ನಾಬಿನ ಬಳಿ ಅದು ಒಂದು ಮಿಲಿಮೀಟರಿಗೂ ಹೆಚ್ಚಿನ ಆಟವಾಗುತ್ತದೆ. ಮೊದಲಿಗೆ ಬರೀ ಟಕ್ ಎನ್ನುವ ಸದ್ದು. ದಿನ ಕಳೆದಂತೆ ಮೆತ್ತನೆಯ ಅಲ್ಯುಮಿನಿಯಂ ಸವೆದು ತೂತಿನ ಮೂಲೆಗಳು ದುಂಡಗಾಗುತ್ತವೆ. ತೀರಾ ಅಗ್ಗದ, ಎರಕ ಹೊಯ್ದ ಹ್ಯಾಂಡಲ್‌ಗಳನ್ನು ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಇದು. ಗಟ್ಟಿ ಅಲ್ಯುಮಿನಿಯಂ ತುಂಡಿನಿಂದ ಯಂತ್ರದಲ್ಲಿ ಕೊರೆದದ್ದು ನಿಮಗೆ ಸರಿ. ಕಾರ್ಬನ್ ಹ್ಯಾಂಡಲ್ ಹಗುರ, ಕೈಗೆ ಸೂಕ್ಷ್ಮವೂ ಹೌದು. ಆದರೆ ಉಪ್ಪುನೀರಿನಲ್ಲಿ ಕಾರ್ಬನ್ನಿಗೆ ಅಲ್ಯುಮಿನಿಯಂ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಬೇಗ ತಿನ್ನಿಸಿಕೊಳ್ಳುತ್ತದೆ. ಅಳಿವೆಯಲ್ಲಿ ಬಳಸುವವರಿಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಕೊಳ್ಳುವ ಮುನ್ನ ಉದ್ದವನ್ನು ಯಾವ ಲೆಕ್ಕದಲ್ಲಿ ಬರೆದಿದ್ದಾರೆ ಎಂದೂ ಕೇಳಿ. ಕೆಲವರು ನಾಬಿನ ನಡುವಿನಿಂದ ನಡುವಿಗೆ ಅಳೆಯುತ್ತಾರೆ, ಕೆಲವರು ತುದಿಯಿಂದ ತುದಿಗೆ. ಎರಡನೆಯ ಲೆಕ್ಕದಲ್ಲಿ 110 ಎಂದು ಬರೆದದ್ದು ನಿಜಕ್ಕೂ ನಿಮ್ಮ 90ಕ್ಕಿಂತ ಸ್ವಲ್ಪವೇ ಉದ್ದವಿರಬಹುದು. ಒಂದೇ ನಾಬಿನ ಹ್ಯಾಂಡಲ್‌ಗಳಲ್ಲಿ ಶಾಫ್ಟಿನ ನಡುವಿನಿಂದ ನಾಬಿನ ನಡುವಿಗೆ ಅಳೆಯುತ್ತಾರೆ; ಅಲ್ಲಿ 55 ಎಂದರೆ ನಮ್ಮ ಲೆಕ್ಕದ 110.

ಆ ಒಂದೇ ನಾಬಿನ ಪವರ್ ಹ್ಯಾಂಡಲ್ ನಿಮಗೆ ಬೇಡ. ಆಳ ಸಮುದ್ರದಲ್ಲಿ ಭಾರದ ಲೋಹದ ಲೂರುಗಳನ್ನು, ಅಂದರೆ ಜಿಗ್‌ಗಳನ್ನು ನೇರ ಕೆಳಗೆ ಬಿಟ್ಟು ಮೇಲೆಳೆಯುವವರಿಗೆ ಅದು ಅತ್ಯುತ್ತಮ, ಏಕೆಂದರೆ ಅವರು ದೂರ ಎಸೆಯುವುದಿಲ್ಲ. ನೀವು ದಿನವಿಡೀ ಎಸೆಯುವವರು. ಒಂದೇ ಕಡೆ ಭಾರವಿರುವ ಹ್ಯಾಂಡಲ್, ಬೀಸಿ ಎಸೆಯುವಾಗಿನ ಎಳೆತಕ್ಕೆ ತಾನಾಗಿ ಮುಂದಕ್ಕೆ ತಿರುಗಬಹುದು. ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗ್ ಇದೆ, ಮುಂದಕ್ಕೆ ತಡೆಯುವುದು ಏನೂ ಇಲ್ಲ. ಹ್ಯಾಂಡಲ್ ಮುಂದಕ್ಕೆ ತಿರುಗಿದರೆ, ಎಸೆಯಲು ಸ್ಪೂಲನ್ನು ಬಿಡಿಸಿದ್ದ ಕ್ಲಚ್ ಮತ್ತೆ ಕೂಡಿಕೊಳ್ಳುತ್ತದೆ, ಗಾಳಿಯಲ್ಲಿ ಹಾರುತ್ತಿರುವ ಲೂರ್ ಒಮ್ಮೆಲೇ ನಿಲ್ಲುತ್ತದೆ, ಆ ಜಗ್ಗಿಗೆ ಬ್ರೇಡ್ ಕಡಿದು ಲೂರ್ ಅಳಿವೆಯ ಪಾಲಾಗುತ್ತದೆ. ಮರುಭಾರ ಕಟ್ಟಿದ ಪವರ್ ಹ್ಯಾಂಡಲ್‌ಗಳೂ ಇವೆ, ಆದರೆ ಎರಡು ನಾಬಿನ ಸಮತೋಲಕ್ಕೆ ಅವು ಸಮನಲ್ಲ.

ದೊಡ್ಡ ನಾಬಿನ ಆಸೆ ಮಾತ್ರ ಸರಿಯಾದದ್ದೇ. ನನ್ನ ಅನುಭವದಲ್ಲಿ ಮಣಿಕಟ್ಟು ಸೋಲಲು ಹ್ಯಾಂಡಲಿನ ಉದ್ದಕ್ಕಿಂತ ನಾಬಿನ ಗಾತ್ರವೇ ಹೆಚ್ಚು ಕಾರಣ. ತೆಳ್ಳನೆಯ ಚಪ್ಪಟೆ ನಾಬನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಚಿವುಟಿ ಹಿಡಿಯಬೇಕಾಗುತ್ತದೆ. ಹಾಗೆ ಚಿವುಟಿ ಹಿಡಿಯಲು ಬಳಸುವ ಸ್ನಾಯುಗಳು ಮುಂಗೈಯಲ್ಲಿವೆ, ಸುತ್ತುವ ಕೆಲಸಕ್ಕೂ ಅವೇ ಬೇಕು. ಎರಡೂ ಹೊರೆ ಅವುಗಳ ಮೇಲೇ ಬಿದ್ದರೆ ಬೇಗ ದಣಿಯುತ್ತವೆ. ಮೂರು ಬೆರಳು ತಬ್ಬಿ ಹಿಡಿಯುವಂಥ, ಇವಿಎ ಎಂಬ ಮೆತ್ತನೆಯ ಫೋಮಿನ ಅಥವಾ ಉಬ್ಬಿದ ಚಪ್ಪಟೆ ನಾಬ್ ಹಾಕಿದರೆ ಹಿಡಿತಕ್ಕೆ ಬಲ ಹಾಕಬೇಕಾಗಿಲ್ಲ. ಮಳೆ, ಲೋಳೆ, ಸನ್‌ಸ್ಕ್ರೀನ್ ಮೆತ್ತಿದ ಕೈಗೂ ಇವಿಎ ಜಾರುವುದಿಲ್ಲ. ಅನೇಕ ರೀಲುಗಳಲ್ಲಿ ನಾಬನ್ನಷ್ಟೇ ಬದಲಿಸಬಹುದು. ನಾಬಿನ ತುದಿಯ ಮುಚ್ಚಳ ತೆಗೆದರೆ ಒಳಗೆ ಒಂದು ಸ್ಕ್ರೂ, ಅದರಡಿ 7×4×2.5 ಮಿ.ಮೀ. ಬೇರಿಂಗ್ ಇರುತ್ತದೆ, ಅಥವಾ ಬೇರಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಬುಶ್ ಇರುತ್ತದೆ. ಬುಶ್ ಇದ್ದರೆ ಬೇರಿಂಗ್ ಹಾಕಿಸಿಕೊಳ್ಳಬಹುದು. ತೆಳುವಾದ ಶಿಮ್ ವಾಷರುಗಳನ್ನು ತೆಗೆದ ಕ್ರಮದಲ್ಲೇ ವಾಪಸ್ ಹಾಕಿ, ಇಲ್ಲದಿದ್ದರೆ ನಾಬ್ ಒಂದೋ ಬಿಗಿಯುತ್ತದೆ, ಇಲ್ಲವೇ ಲೊಡಲೊಡ ಎನ್ನುತ್ತದೆ. ಹಣದ ಕೊರತೆಯಿದ್ದು ಒಂದನ್ನೇ ಆರಿಸಬೇಕೆಂದರೆ ಉದ್ದದ ಹ್ಯಾಂಡಲ್ ಬಿಟ್ಟು ನಾಬ್ ಬದಲಿಸಿ ಎನ್ನುತ್ತೇನೆ.

ಅದಕ್ಕೂ ಮೊದಲು ರೀಲ್ ತಾನೇ ಬಿಗಿಯಾಗಿಲ್ಲವೇ ನೋಡಿ. ಲೂರ್ ಕಟ್ಟದೆ ಬರಿ ರೀಲನ್ನು ಮೆಲ್ಲನೆ ತಿರುಗಿಸಿ. ಅಲ್ಲಲ್ಲಿ ತಡೆದಂತೆ, ಮರಳು ಅರೆದಂತೆ ಅನಿಸಿದರೆ ಒಣಗಿದ ಉಪ್ಪು ಬೇರಿಂಗಿನಲ್ಲೋ ದಾರ ಹರಡುವ ತಿರುಪಿನ ಕೊರಕಲಿನಲ್ಲೋ ಕೂತಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಎರಡು ತಿಂಗಳು ಅಳಿವೆ ಕೆಂಪಾಗಿ ಲೂರಿಗೆ ಕೆಲಸವಿರುವುದಿಲ್ಲ, ರೀಲ್ ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಲು ಅದೇ ಸರಿಯಾದ ಕಾಲ. ತೊಳೆದ ಮೇಲೆ ಹ್ಯಾಂಡಲ್ ಬೇಡವೇ ಬೇಡ ಎನಿಸಿದವರೂ ಇದ್ದಾರೆ.

ಹಾಕುವ ಕೆಲಸ ನೀವೇ ಮಾಡಬಹುದು. ಅಂಚಿರುವ ತಟ್ಟೆಯೊಳಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕೆಲಸ ಮಾಡಿ. ಬೀಳುವ ಸ್ಕ್ರೂ ಅಕ್ಕಿ ಕಾಳಿಗಿಂತ ಚಿಕ್ಕದು. ನಟ್ಟಿನ ಮೇಲೆ ಅದು ಸಡಿಲವಾಗದಂತೆ ಹಿಡಿದಿಡುವ ಚಿಕ್ಕ ತಗಡಿನ ಮುಚ್ಚಳವಿರುತ್ತದೆ. ಅದರ ಸ್ಕ್ರೂಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಸಣ್ಣದನ್ನು ಹಾಕಿ ಸ್ಕ್ರೂವಿನ ತಲೆ ಸವೆಸಬೇಡಿ. ಮುಚ್ಚಳ ತೆಗೆದ ಮೇಲೆ ಕಾಣುವ ನಟ್ಟಿಗೆ ಹೆಚ್ಚಾಗಿ 10 ಮಿ.ಮೀ. ಸ್ಪ್ಯಾನರ್ ಸರಿಹೊಂದುತ್ತದೆ. ಇಲ್ಲಿ ನಿಮಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ನಿಮ್ಮದು ಎಡಗೈ ರೀಲ್. ಎಡಗೈ ರೀಲನ್ನು ಹ್ಯಾಂಡಲಿನ ಕಡೆಯಿಂದ ನೋಡಿದರೆ ಸುತ್ತುವ ದಿಕ್ಕು ಗಡಿಯಾರದ ಮುಳ್ಳಿಗೆ ವಿರುದ್ಧ. ಸುತ್ತುತ್ತಾ ಸುತ್ತುತ್ತಾ ನಟ್ಟು ಸಡಿಲವಾಗಬಾರದೆಂದು ಅನೇಕ ಎಡಗೈ ರೀಲುಗಳಲ್ಲಿ ಉಲ್ಟಾ ಮರೆ ಕೊಟ್ಟಿರುತ್ತಾರೆ. ಅಂಥದ್ದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಒಂದು ಕಡೆಗೆ ಬಗ್ಗದಿದ್ದರೆ ಬಲ ಪ್ರಯೋಗ ಮಾಡದೆ ಇನ್ನೊಂದು ಕಡೆಗೆ ಪ್ರಯತ್ನಿಸಿ. ಹೊಸ ಹ್ಯಾಂಡಲಿನ ಜೊತೆ ಬರುವ ನಟ್ಟು ಬಹುಶಃ ಬಲಗೈ ರೀಲಿನದು. ಅದನ್ನು ನಿಮ್ಮ ಶಾಫ್ಟಿಗೆ ಒತ್ತಾಯದಿಂದ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ, ಆಮೇಲೆ ಶಾಫ್ಟನ್ನೇ ಬದಲಿಸಬೇಕಾಗುತ್ತದೆ. ಹಳೆಯ ನಟ್ಟನ್ನೇ ಮತ್ತೆ ಬಳಸಿ. ಎರಡು ನಾಬಿನ ಹ್ಯಾಂಡಲ್ ತೋಳು ಎರಡೂ ಬದಿಗೆ ಹೊಂದುತ್ತದೆ, ತಕರಾರು ಇರುವುದು ನಟ್ಟಿನದ್ದು ಮಾತ್ರ.

ಹ್ಯಾಂಡಲ್ ಹೊರಬಂದ ಮೇಲೆ ಸ್ಟಾರನ್ನು ತಿರುಗಿಸಬೇಡಿ. ಅದರಡಿ ಕ್ಲಿಕ್ ಸದ್ದು ಮಾಡುವ ಪುಟ್ಟ ಸ್ಪ್ರಿಂಗ್ ಇದ್ದರೆ ಹಾರಿಹೋಗುತ್ತದೆ. ಶಾಫ್ಟಿನ ಮೇಲೆ ವಾಷರುಗಳಿದ್ದರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಶಾಫ್ಟಿನ ಚಪ್ಪಟೆ ಮೈಗಳಿಗೆ, ಮರೆಗೆ ತೆಳ್ಳಗೆ ನೀರು ನಿರೋಧಕ ಗ್ರೀಸ್ ಸವರಿ. ಹಿತ್ತಾಳೆ ಅಥವಾ ಸ್ಟೀಲಿನ ಶಾಫ್ಟಿಗೆ ಅಲ್ಯುಮಿನಿಯಂ ಹ್ಯಾಂಡಲ್ ಉಪ್ಪುನೀರಿನಲ್ಲಿ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ನಟ್ಟನ್ನು ಕೈಗೆ ಗಟ್ಟಿ ಎನಿಸುವಷ್ಟು ಬಿಗಿದು, ಮುಚ್ಚಳದ ತೂತು ಸ್ಕ್ರೂ ತೂತಿಗೆ ಎದುರಾಗುವಂತೆ ಒಂದಿಷ್ಟು ಹೊಂದಿಸಿದರೆ ಸಾಕು.

ರೀಲಿಗೆ ವಾರಂಟಿ ಇನ್ನೂ ಇದ್ದರೆ ಬೇರೆ ಕಂಪನಿಯ ಭಾಗ ಹಾಕಿದರೆ ಏನಾಗುತ್ತದೆ ಎಂದು ಕೊಂಡ ಅಂಗಡಿಯಲ್ಲಿ ಕೇಳಿಕೊಳ್ಳಿ. ಹಳೆಯ ಹ್ಯಾಂಡಲನ್ನು ಎಸೆಯಬೇಡಿ, ಮೇಲ್ಮೈ ಲೂರುಗಳನ್ನು ಚುರುಕಾಗಿ ಆಡಿಸುವ ದಿನ ಚಿಕ್ಕ ಹ್ಯಾಂಡಲೇ ಕೈಗೆ ಹಿತ. ನಿಮ್ಮ ರೀಲಿನ ಮಾದರಿಯ ಹೆಸರು ಬರೆದಿಲ್ಲವಾದ್ದರಿಂದ ತೂತಿನ ಅಳತೆಯನ್ನು ನಾನು ಇಲ್ಲಿಂದ ಖಚಿತವಾಗಿ ಹೇಳಲಾಗದು. ಶಾಫ್ಟಿನ ಅಗಲ, ದಪ್ಪ, ಹಳೆಯ ಹ್ಯಾಂಡಲಿನ ಲೋಹದ ದಪ್ಪ, ಸ್ಪೂಲಿನ ವ್ಯಾಸ ಇಷ್ಟನ್ನು ಅಳೆದು ಬರೆದು ಕಳಿಸಿದರೆ ನೀವು ನೋಡಿಟ್ಟಿರುವ ಹ್ಯಾಂಡಲ್ ಕೂರುತ್ತದೆಯೇ ಇಲ್ಲವೇ ಎಂದು ತಿಳಿಸುತ್ತೇನೆ.